ದೇವರಿಗೆ ಈ ಲೋಕ ಬೇಕಿತ್ತೇ?



ಪೆಂತೆಕೋಸ್ತ್ ಹಬ್ಬದ ನಂತರದ ಭಾನುವಾರ ನಾವು ಪರಮ ತ್ರಿತ್ವದ ಮಹೋತ್ಸವವನ್ನು ಕೊಂಡಾಡುತ್ತೇವೆ. ನಮ್ಮ ಮನೆಗಳಲ್ಲಿ ಮಗು ಮಾತು ಕಲಿಯುವ ಮೊದಲೇ ತಾಯಿ ಅದರ ಪುಟ್ಟ ಕೈ ಹಿಡಿದು ಶಿಲುಬೆಯ ಗುರುತು ಹಾಕಿಸುತ್ತಾಳೆ. ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿಯೇ ನಮ್ಮ ದಿನ ಆರಂಭವಾಗುತ್ತದೆ, ಮುಗಿಯುತ್ತದೆ. ಆದರೂ ತ್ರಿತ್ವ ಎಂದರೆ ಪಂಡಿತರಿಗೆ ಬಿಟ್ಟ ವಿಷಯ, ನಮ್ಮ ದಿನನಿತ್ಯದ ಬದುಕಿಗೂ ಅದಕ್ಕೂ ಏನು ನಂಟು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ.

ಈ ಹಬ್ಬದ ಚಿಂತನೆಗಾಗಿ ಒಂದು ಹಳೆಯ ಪ್ರಶ್ನೆಯ ಚರಿತ್ರೆಯನ್ನು ಆರಿಸಿಕೊಳ್ಳೋಣ. ಜ್ಞಾನೋಪದೇಶದ ತರಗತಿಯಲ್ಲಿ ಮಕ್ಕಳು ಥಟ್ಟನೆ ಕೇಳಿಬಿಡುವ ಪ್ರಶ್ನೆಯದು: ದೇವರು ಈ ಲೋಕವನ್ನು ಯಾಕೆ ಸೃಷ್ಟಿಸಿದರು? ಅವರಿಗೆ ಒಬ್ಬರೇ ಇದ್ದು ಬೇಸರವಾಗಿತ್ತೇ?

ಪ್ರಶ್ನೆ ಚಿಕ್ಕದು, ಉತ್ತರ ಸುಲಭವಲ್ಲ. ದೇವರಿಗೆ ಈ ಲೋಕ ಬೇಕೇ ಬೇಕಿತ್ತು ಎಂದರೆ ಅವರಲ್ಲಿ ಏನೋ ಕೊರತೆ ಇತ್ತು ಎಂದಂತಾಯಿತು. ಕೊರತೆ ಇರುವವರು ದೇವರಾಗುವುದು ಹೇಗೆ? ಬೇಕಿರಲಿಲ್ಲ ಎಂದರೆ ಇನ್ನೊಂದು ಕಳವಳ: ಹಾಗಾದರೆ ನಾವು ಅವರಿಗೆ ಬೇಡವಾದವರೇ? ಹೊತ್ತು ಹೋಗದೆ ಮಾಡಿದ ಆಟದ ಗೊಂಬೆಗಳೇ? ಈ ಎರಡು ಬಂಡೆಗಳ ನಡುವೆ ಧರ್ಮಸಭೆ ಹೇಗೆ ದಾರಿ ಕಂಡುಕೊಂಡಿತು ಎಂಬುದನ್ನು ತಿಳಿದರೆ ತ್ರಿತ್ವದ ಹಬ್ಬದ ಅರ್ಥವೂ ತಿಳಿಯಾಗುತ್ತದೆ.

ಸೇವಕರು ಬೇಕಾದ ದೇವತೆಗಳು

ಕ್ರಿಸ್ತಪೂರ್ವ 587ರ ಸುಮಾರಿಗೆ ಜೆರುಸಲೇಮ್ ಪತನಗೊಂಡಿತು. ಯೆಹೂದ್ಯರು ಸೆರೆಯಾಳುಗಳಾಗಿ ಬಾಬಿಲೋನಿಗೆ ಹೋದರು. ಆ ನಾಡಿನಲ್ಲಿ ಲೋಕದ ಹುಟ್ಟಿನ ಬಗ್ಗೆ ಒಂದು ಕಥೆ ಪ್ರಸಿದ್ಧವಾಗಿತ್ತು. ಮಾರ್ದುಕ್ ಎಂಬ ದೇವತೆ ತಿಯಾಮತ್ ಎಂಬ ಸಮುದ್ರದೇವತೆಯನ್ನು ಯುದ್ಧದಲ್ಲಿ ಕೊಂದು, ಅವಳ ದೇಹವನ್ನು ಸೀಳಿ ಆಕಾಶವನ್ನೂ ಭೂಮಿಯನ್ನೂ ಮಾಡಿದ. ಸೋತ ಇನ್ನೊಬ್ಬ ದೇವತೆಯ ರಕ್ತದಿಂದ ಮನುಷ್ಯರನ್ನು ಮಾಡಿದರು. ಯಾತಕ್ಕೆ? ದೇವತೆಗಳು ದುಡಿದು ದಣಿಯದೆ ಆರಾಮವಾಗಿರಲು ಸೇವಕರು ಬೇಕಿದ್ದರು. ಈ ಕಥೆಯಿದ್ದ ಮಣ್ಣಿನ ಹಲಗೆಗಳು ನಿನೆವೆಯ ಅರಮನೆಯ ಗ್ರಂಥಭಂಡಾರದಲ್ಲಿ ಸಿಕ್ಕವು. 1876ರಲ್ಲಿ ಜಾರ್ಜ್ ಸ್ಮಿತ್ ಎಂಬ ಇಂಗ್ಲಿಷ್ ವಿದ್ವಾಂಸರು ಅವನ್ನು ಪ್ರಕಟಿಸಿದರು.

ಈ ಕಥೆಯ ಪಕ್ಕದಲ್ಲಿ ಆದಿಕಾಂಡದ ಮೊದಲ ಅಧ್ಯಾಯವನ್ನಿಟ್ಟು ನೋಡಿ. ಪಾಸ್ಖ ಜಾಗರಣೆಯ ರಾತ್ರಿ ನಾವು ಮೊದಲು ಕೇಳುವ ವಾಚನ ಅದೇ. ಅಲ್ಲಿ ಯುದ್ಧವಿಲ್ಲ, ರಕ್ತವಿಲ್ಲ, ಎದುರಾಳಿಯೇ ಇಲ್ಲ. ದೇವರು ನುಡಿಯುತ್ತಾರೆ, ಅದು ಆಗುತ್ತದೆ. ಅವರಿಗೆ ಆಳುಗಳ ಅಗತ್ಯವಿಲ್ಲ. ಮನುಷ್ಯನನ್ನು ಮಾಡಿದ್ದು ದುಡಿಸಿಕೊಳ್ಳುವುದಕ್ಕಲ್ಲ, ತಮ್ಮ ರೂಪವನ್ನು ಅವನಿಗೆ ಕೊಡುವುದಕ್ಕೆ. ಏಳನೆಯ ದಿನ ವಿಶ್ರಾಂತಿ ಬಂತು. ಮುಂದೆ ಧರ್ಮಶಾಸ್ತ್ರ ಆ ವಿಶ್ರಾಂತಿಯನ್ನು ಆಳುಕಾಳುಗಳಿಗೂ ದನಕರುಗಳಿಗೂ ವಿಸ್ತರಿಸಿತು. ಸೆರೆಯಲ್ಲಿ ಬೆವರು ಸುರಿಸುತ್ತಿದ್ದ ಜನರಿಗೆ ಇದು ಎಷ್ಟು ದೊಡ್ಡ ಶುಭವಾರ್ತೆಯಾಗಿ ಕೇಳಿಸಿರಬೇಕು!

ದೇವರು ಇದ್ದ ಯಾವುದೋ ವಸ್ತುವಿನಿಂದ ಲೋಕವನ್ನು ಮಾಡಲಿಲ್ಲ ಎಂಬ ಮಾತನ್ನು ಪವಿತ್ರ ಗ್ರಂಥದಲ್ಲಿ ಸ್ಪಷ್ಟವಾಗಿ ಆಡಿದವರು ಯಾರು ಗೊತ್ತೇ? ಒಬ್ಬ ತಾಯಿ. ಕ್ರಿಸ್ತಪೂರ್ವ 167ರ ಸುಮಾರಿಗೆ ಆಂಟಿಯೋಕ ರಾಜನ ಹಿಂಸಾಚಾರದ ಕಾಲ. ಮಕ್ಕಬಿಯರ ಎರಡನೆಯ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಆಕೆಯ ಆರು ಮಕ್ಕಳು ಕಣ್ಣೆದುರೇ ಪ್ರಾಣ ಬಿಟ್ಟಿದ್ದಾರೆ, ಕಿರಿಯವನೊಬ್ಬ ಉಳಿದಿದ್ದಾನೆ. ನನ್ನ ಗರ್ಭದಲ್ಲಿ ನೀನು ಹೇಗೆ ಮೂಡಿದೆಯೋ ನಾನರಿಯೆ, ನಿನಗೆ ಉಸಿರು ಕೊಟ್ಟವಳು ನಾನಲ್ಲ ಎನ್ನುತ್ತಾಳೆ ಆಕೆ. ಭೂಮಿ ಆಕಾಶಗಳನ್ನು ಇಲ್ಲದುದರಿಂದ ಉಂಟುಮಾಡಿದ ದೇವರು ನಿನ್ನನ್ನು ನನಗೆ ಮರಳಿ ಕೊಡುತ್ತಾರೆ ಎಂದು ಧೈರ್ಯ ತುಂಬುತ್ತಾಳೆ. ಈ ಬೋಧನೆ ಇಷ್ಟು ಸ್ಪಷ್ಟವಾಗಿ ಮೊದಲು ಮೊಳಗಿದ್ದು ಪಾಠಶಾಲೆಯಲ್ಲಲ್ಲ, ಮಗನ ಸಾವಿನ ಮುಂದೆ ನಿಂತ ತಾಯಿಯ ಬಾಯಲ್ಲಿ. ಇದನ್ನು ನಾವು ಮರೆಯಬಾರದು.

ಸೂರ್ಯನೂ ಅವನ ಬೆಳಕೂ

ಶುಭಸಂದೇಶ ಗ್ರೀಕರ ನಾಡಿಗೆ ಹೋದಾಗ ಬೇರೊಂದು ಬಗೆಯ ಸವಾಲು ಎದುರಾಯಿತು. ದೇವರಿಗೆ ಏನೂ ಬೇಕಾಗಿಲ್ಲ, ಮನುಷ್ಯರ ಕೈಗಳಿಂದ ಅವರು ಸೇವೆ ಪಡೆಯಬೇಕಾಗಿಲ್ಲ ಎಂದು ಸಂತ ಪೌಲರು ಅಥೆನ್ಸಿನಲ್ಲಿ ಸಾರಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯದಲ್ಲಿ ಓದುತ್ತೇವೆ. ಗ್ರೀಕ್ ತತ್ವಜ್ಞಾನಿಗಳೂ ಇದಕ್ಕೆ ತಲೆದೂಗುತ್ತಿದ್ದರು. ಆದರೆ ಅರಿಸ್ಟಾಟಲ್ ಹೇಳಿದ ಪರಮಕಾರಣ ತನ್ನನ್ನೇ ಚಿಂತಿಸುತ್ತ ಇರುತ್ತದೆ. ಲೋಕವನ್ನು ಅದು ಉಂಟುಮಾಡಲಿಲ್ಲ, ಲೋಕ ಅನಾದಿಯಿಂದ ಇದ್ದೇ ಇದೆ. ಕ್ರಿಸ್ತಶಕ 270ರಲ್ಲಿ ತೀರಿಕೊಂಡ ಪ್ಲೊಟೈನಸ್ ಇನ್ನೂ ಸೊಗಸಾದ ಚಿತ್ರ ಕೊಟ್ಟರು. ಸೂರ್ಯನಿಂದ ಬೆಳಕು, ಬೆಂಕಿಯಿಂದ ಬಿಸಿ ಹೊಮ್ಮುವಂತೆ ಪರಮಮೂಲದಿಂದ ಎಲ್ಲವೂ ಹರಿದು ಬರುತ್ತದೆ ಎಂದರು.

ಈ ಹೋಲಿಕೆ ಸುಂದರವಾಗಿದೆ. ನಮ್ಮ ಪ್ರಾರ್ಥನೆಗಳಲ್ಲಿಯೂ ದೇವರನ್ನು ಬೆಳಕು ಎಂದು ಕರೆಯುತ್ತೇವೆ. ಆದರೆ ಅದರಲ್ಲಿ ಒಂದು ತೊಡಕಿದೆ. ಸೂರ್ಯ ಬೇಕೆಂದು ಬೆಳಗುವುದಿಲ್ಲ, ಬೇಡವೆಂದು ನಿಲ್ಲುವುದೂ ಇಲ್ಲ. ಬೆಳಗದೆ ಇರಲು ಅವನಿಂದ ಆಗದು. ಹಾಗಾಗಿ ಬೆಚ್ಚಗಾದ ಕಲ್ಲು ಸೂರ್ಯನಿಗೆ ಋಣಿಯಲ್ಲ. ದೇವರೂ ಹೀಗೆಯೇ ಎಂದಾದರೆ ನಾವು ಅವರಿಗೆ ವಂದನೆ ಹೇಳುವುದೇಕೆ? ಅವರ ಬಳಿ ಬೇಡಿಕೊಳ್ಳುವುದೇಕೆ?

ಇದನ್ನು ಮೊದಲೇ ಕಂಡವರು ಲಿಯಾನ್ಸಿನ ಧರ್ಮಾಧ್ಯಕ್ಷ ಸಂತ ಇರೇನಿಯಸ್. ಕ್ರಿಸ್ತಶಕ 180ರ ಸುಮಾರಿಗೆ ಅವರು ಬರೆದುದರ ಸಾರಾಂಶವಿಷ್ಟು: ದೇವರು ಆದಾಮನನ್ನು ರೂಪಿಸಿದ್ದು ಮನುಷ್ಯನ ಅಗತ್ಯ ಬಿದ್ದು ಅಲ್ಲ, ತಮ್ಮ ಉಪಕಾರಗಳನ್ನು ಸುರಿಸಲು ಒಬ್ಬನಿರಲಿ ಎಂದು. ಆದರೆ ಅಲೆಕ್ಸಾಂಡ್ರಿಯದ ಮಹಾಪಂಡಿತ ಓರಿಜೆನ್ ಅವರಿಗೆ ಒಂದು ಸಂಶಯ ಬಿಡಲಿಲ್ಲ. ಪ್ರಜೆಗಳಿಲ್ಲದೆ ಅರಸನಿಲ್ಲ, ಹಾಗಾದರೆ ಆಳಲು ಏನೂ ಇಲ್ಲದಿದ್ದಾಗ ದೇವರು ಸರ್ವಶಕ್ತರಾಗಿದ್ದುದು ಹೇಗೆ? ಆದ್ದರಿಂದ ಸೃಷ್ಟಿ ಯಾವುದೋ ರೂಪದಲ್ಲಿ ಯಾವಾಗಲೂ ಇದ್ದಿರಬೇಕು ಎಂದು ಅವರು ತರ್ಕಿಸಿದರು. ಈ ಗಂಟು ಬಿಚ್ಚಲು ಧರ್ಮಸಭೆಗೆ ಇನ್ನೂ ಒಂದು ಶತಮಾನ ಬೇಕಾಯಿತು.

ನೈಸಿಯಾ ಬಿಚ್ಚಿದ ಗಂಟು

2025ರಲ್ಲಿ ನೈಸಿಯಾ ಮಹಾಸಭೆಗೆ 1700 ವರ್ಷ ತುಂಬಿತು. 325ರ ಆ ಸಭೆಯಲ್ಲಿ ಚರ್ಚೆಗೆ ಬಂದದ್ದು ಸುತ ದೇವರ ವಿಷಯ. ಸುತನೂ ಪಿತನ ಇಚ್ಛೆಯಿಂದ ಉಂಟಾದ ಒಂದು ಸೃಷ್ಟಿ ಎಂದು ಅಲೆಕ್ಸಾಂಡ್ರಿಯದ ಗುರು ಆರಿಯಸ್ ಬೋಧಿಸುತ್ತಿದ್ದರು. ಮಹಾಸಭೆ ಅದನ್ನು ತಳ್ಳಿಹಾಕಿತು. ಸುತ ಪಿತನಿಂದ ಜನಿಸಿದವರೇ ಹೊರತು ನಿರ್ಮಿತರಲ್ಲ, ಪಿತನ ಸತ್ವವೇ ಅವರ ಸತ್ವ ಎಂದು ವಿಶ್ವಾಸಪ್ರಮಾಣದಲ್ಲಿ ಸೇರಿಸಿತು. ಭಾನುವಾರದ ಬಲಿಪೂಜೆಯಲ್ಲಿ ಎದ್ದು ನಿಂತು ನಾವು ಒಪ್ಪಿಕೊಳ್ಳುವ ಸತ್ಯ ಇದೇ.

ಈ ನಿರ್ಣಯದಿಂದ ಸೃಷ್ಟಿಯ ಪ್ರಶ್ನೆಗೂ ಬೆಳಕು ಬಿತ್ತು. ಮಹಾಸಭೆಯಲ್ಲಿ ಯುವ ಉಪಯಾಜಕರಾಗಿ ಹಾಜರಿದ್ದ ಸಂತ ಅಥನಾಸಿಯಸ್ 328ರಲ್ಲಿ ಧರ್ಮಾಧ್ಯಕ್ಷರಾದರು. ಈ ವಿಶ್ವಾಸಕ್ಕಾಗಿ ಐದು ಬಾರಿ ಗಡಿಪಾರಾದರು. ಅವರು ಒಂದು ಗೆರೆ ಎಳೆದರು: ಸುತ ಪಿತನ ಸ್ವಭಾವದಿಂದಲೇ ಇರುವವರು, ಲೋಕ ಪಿತನ ಇಚ್ಛೆಯಿಂದ ಬಂದದ್ದು. ಪಿತ ಎಂದೆಂದಿಗೂ ಪಿತರೇ, ಯಾಕೆಂದರೆ ಸುತ ಎಂದೆಂದಿಗೂ ಇದ್ದಾರೆ. ಲೋಕವಿಲ್ಲದೆಯೂ ದೇವರು ತಂದೆಯೇ, ಲೋಕವಿಲ್ಲದೆಯೂ ಅವರು ಪ್ರೀತಿಯೇ.

ಮಕ್ಕಳ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು. ದೇವರಿಗೆ ಒಂಟಿತನ ಕಾಡಿತ್ತೇ? ಇಲ್ಲ. ಪಿತ, ಸುತ, ಪವಿತ್ರಾತ್ಮರ ಅನ್ಯೋನ್ಯತೆಯಲ್ಲಿ ಪ್ರೀತಿ ತುಂಬಿ ತುಳುಕುತ್ತಿತ್ತು. ಒಳ್ಳೆಯದು ತಾನಾಗಿಯೇ ಹರಡುತ್ತದೆ, ಆದ್ದರಿಂದ ಒಳ್ಳೆಯವರಾದ ದೇವರು ಸೃಷ್ಟಿಸಲೇಬೇಕಿತ್ತು ಎಂದು ವಾದಿಸುವವರಿಗೆ 13ನೇ ಶತಮಾನದಲ್ಲಿ ಸಂತ ಬೊನವೆಂಚರ್ ತೋರಿಸಿದ ದಾರಿಯೂ ಇದೇ. ದೇವರ ಒಳ್ಳೆಯತನ ಪೂರ್ಣವಾಗಿ ಹರಿಯುವುದು ತ್ರಿತ್ವದ ಒಳಗೆ. ಅದರ ಮುಂದೆ ಈ ಇಡೀ ವಿಶ್ವ ಒಂದು ಚುಕ್ಕೆ ಮಾತ್ರ.

ಬಾಗ್ದಾದಿನಿಂದ ಪ್ಯಾರಿಸ್ಸಿಗೆ

ಉಳಿದ ಅರ್ಧಕ್ಕಾಗಿ ಮಧ್ಯಯುಗಕ್ಕೆ ಬರಬೇಕು. ಅರಿಸ್ಟಾಟಲನ ಗ್ರಂಥಗಳು ಅರಬ್ಬೀ ಭಾಷೆಗೆ ಹೋಗಿ ಅಲ್ಲಿ ಹೊಸ ಜೀವ ಪಡೆದಿದ್ದವು. ಮಹಾವೈದ್ಯರೂ ತತ್ವಜ್ಞಾನಿಯೂ ಆಗಿದ್ದ ಇಬ್ನ್ ಸೀನಾ (980-1037) ದೇವರೊಬ್ಬರೇ ಇರಲೇಬೇಕಾದವರು, ಉಳಿದುದೆಲ್ಲ ತನ್ನಷ್ಟಕ್ಕೆ ಇಲ್ಲದೆಯೂ ಇರಬಹುದಾದದ್ದು ಎಂಬ ಅಮೂಲ್ಯ ಭೇದವನ್ನು ಮಾಡಿದರು. ಆದರೂ ದೇವರಿಂದ ಲೋಕ ಹೊಮ್ಮುವುದು ಅನಿವಾರ್ಯ ಎಂದೇ ಭಾವಿಸಿದರು. ಬಾಗ್ದಾದಿನ ಅಧ್ಯಾಪಕ ಅಲ್ ಘಜಾಲಿ 1095ರಲ್ಲಿ ಇದನ್ನು ಖಂಡಿಸಿ ಗ್ರಂಥ ಬರೆದರು. ಹಸಿದವನ ಮುಂದೆ ಒಂದೇ ತರಹದ ಎರಡು ಖರ್ಜೂರಗಳಿದ್ದರೆ ಅವನು ಒಂದನ್ನು ಎತ್ತಿಕೊಳ್ಳುತ್ತಾನಲ್ಲವೇ, ಆರಿಸಿಕೊಳ್ಳುವುದೇ ಇಚ್ಛೆಯ ಗುಣ ಎಂದರು. ಯೆಹೂದ್ಯ ಪಂಡಿತ ಮೈಮೊನೈಡಿಸ್ (ಮರಣ 1204) ಎಲ್ಲವೂ ಅನಿವಾರ್ಯವಾಗಿ ನಡೆಯುವುದಾದರೆ ಧರ್ಮಶಾಸ್ತ್ರಕ್ಕೂ ಅದ್ಭುತಗಳಿಗೂ ಎಡೆಯೇ ಇಲ್ಲ ಎಂದು ಎಚ್ಚರಿಸಿದರು. ಒಂದೇ ಪ್ರಶ್ನೆಯನ್ನು ಮೂರು ಧರ್ಮಗಳ ಜ್ಞಾನಿಗಳು ಒಬ್ಬರ ಗ್ರಂಥವನ್ನೊಬ್ಬರು ಓದಿ ಚರ್ಚಿಸಿದ ಕಾಲ ಅದು.

ಈ ಗ್ರಂಥಗಳು ಲ್ಯಾಟಿನಿಗೆ ಅನುವಾದಗೊಂಡು ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಬಂದವು. 1255ರ ಹೊತ್ತಿಗೆ ಅಲ್ಲಿನ ಕಲಾ ವಿಭಾಗದಲ್ಲಿ ಅರಿಸ್ಟಾಟಲ್ ಕಡ್ಡಾಯ ಪಾಠವಾಗಿದ್ದರು. ಸಿಗೆರ್ ಎಂಬ ಅಧ್ಯಾಪಕರ ಸುತ್ತ ಸೇರಿದ ಕೆಲವರು ಲೋಕ ಅನಾದಿ, ದೇವರ ಕ್ರಿಯೆ ಅನಿವಾರ್ಯ ಎಂಬ ವಾದಗಳನ್ನು ತತ್ವಶಾಸ್ತ್ರದ ನಿರ್ಣಯಗಳೆಂದು ಪಾಠ ಹೇಳತೊಡಗಿದರು. ಪ್ಯಾರಿಸ್ಸಿನ ಧರ್ಮಾಧ್ಯಕ್ಷ ಎತಿಯೆನ್ ತಾಂಪಿಯೇ 1270ರಲ್ಲಿ 13 ವಾದಗಳನ್ನು ನಿಷೇಧಿಸಿದರು. ಗದ್ದಲ ನಿಲ್ಲಲಿಲ್ಲ. 1277ರ ಜನವರಿಯಲ್ಲಿ ಜಗದ್ಗುರು 21ನೇ ಜಾನ್ ಅವರು ವಿಚಾರಿಸಿ ವರದಿ ಕಳುಹಿಸಿ ಎಂದರು. ಧರ್ಮಾಧ್ಯಕ್ಷರು ಅವಸರದಲ್ಲಿ ಪಂಡಿತರ ಮಂಡಳಿ ಕೂಡಿಸಿ, ಮಾರ್ಚ್ 7ರಂದು 219 ವಾದಗಳ ಉದ್ದನೆಯ ಪಟ್ಟಿಯನ್ನೇ ಖಂಡಿಸಿಬಿಟ್ಟರು. ದೇವರು ತಮ್ಮಿಂದ ನೇರವಾಗಿ ಬರುವುದನ್ನು ಅನಿವಾರ್ಯವಾಗಿ ಮಾಡುತ್ತಾರೆ ಎಂಬುದು ಅದರಲ್ಲಿತ್ತು. ಅವರು ಒಂದಕ್ಕಿಂತ ಹೆಚ್ಚು ಲೋಕಗಳನ್ನು ಸೃಷ್ಟಿಸಲಾರರು ಎಂಬುದೂ ಇತ್ತು.

ಆ ಪಟ್ಟಿ ಪರಿಪೂರ್ಣವಾಗಿತ್ತು ಎಂದು ಹೇಳಲಾಗದು. ಮೂರು ವರ್ಷಗಳ ಹಿಂದೆ ಅದೇ ಮಾರ್ಚ್ 7ರಂದು ಸಂತ ಥಾಮಸ್ ಅಕ್ವಿನಾಸ್ ತೀರಿಕೊಂಡಿದ್ದರು. ಅವರ ಕೆಲವು ಅಭಿಪ್ರಾಯಗಳಿಗೂ ಅದರ ಬಿಸಿ ತಟ್ಟಿತು. 1323ರಲ್ಲಿ ಥಾಮಸರನ್ನು ಸಂತರೆಂದು ಘೋಷಿಸಲಾಯಿತು. 1325ರಲ್ಲಿ ಪ್ಯಾರಿಸ್ಸಿನ ಅಂದಿನ ಧರ್ಮಾಧ್ಯಕ್ಷರು ಅವರಿಗೆ ಸಂಬಂಧಿಸಿದಷ್ಟರ ಮಟ್ಟಿಗೆ ಆ ಖಂಡನೆಯನ್ನು ಹಿಂತೆಗೆದುಕೊಂಡರು. ಇನ್ನು ಸಿಗೆರ್? ಮಹಾಕವಿ ದಾಂತೆ ತಮ್ಮ ಕಾವ್ಯದಲ್ಲಿ ಅವರನ್ನು ಸ್ವರ್ಗದಲ್ಲಿ, ಸಂತ ಥಾಮಸರ ಜೊತೆಯಲ್ಲೇ ಕೂರಿಸಿದರು!

ಆದರೆ ಆ ಖಂಡನೆಯ ಮೂಲ ಕಾಳಜಿ ಸರಿಯಾದದ್ದೇ. ಲೋಕ ಹೀಗೆಯೇ ಇರಬೇಕೆಂದು ನಾವು ಕುಳಿತಲ್ಲೇ ಲೆಕ್ಕ ಹಾಕಿ ಹೇಳಲಾಗದು. ದೇವರು ಬೇರೆ ರೀತಿಯಲ್ಲೂ ಮಾಡಬಹುದಿತ್ತು. ಹಾಗಿದ್ದರೆ ಅವರು ನಿಜವಾಗಿ ಏನು ಮಾಡಿದ್ದಾರೆಂದು ತಿಳಿಯಲು ಕಣ್ಣು ತೆರೆದು ನೋಡಲೇಬೇಕು. ಆಧುನಿಕ ವಿಜ್ಞಾನದ ಬೀಜ ಇಲ್ಲಿದೆ ಎಂದು ಫ್ರಾನ್ಸಿನ ಭೌತವಿಜ್ಞಾನಿ ಪಿಯೆರ್ ದುಎಮ್ (1861-1916) ವಾದಿಸಿದರು. ಅದು ಅತಿಯಾಯಿತು ಎನ್ನುವ ಇತಿಹಾಸಕಾರರು ಬಹಳ ಮಂದಿ ಇದ್ದಾರೆ. ಆದರೂ ದೇವರ ಸ್ವಾತಂತ್ರ್ಯವನ್ನು ಒಪ್ಪುವುದಕ್ಕೂ ಲೋಕವನ್ನು ಶ್ರದ್ಧೆಯಿಂದ ಪರೀಕ್ಷಿಸುವುದಕ್ಕೂ ವಿರೋಧವಿಲ್ಲ ಎಂಬುದಂತೂ ನಿಜ.

ಸಂತ ಥಾಮಸರ ಸಮಾಧಾನ

ಸಂತ ಥಾಮಸರ ಉತ್ತರವನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು. ದೇವರು ತಮ್ಮ ಒಳ್ಳೆಯತನವನ್ನು ಪ್ರೀತಿಸದೆ ಇರಲಾರರು, ಅದು ಅನಿವಾರ್ಯ. ಆದರೆ ಆ ಒಳ್ಳೆಯತನ ನಾವಿಲ್ಲದೆಯೂ ಪೂರ್ಣ. ನಮ್ಮಿಂದ ಅದಕ್ಕೆ ಒಂದು ಹನಿಯೂ ಕೂಡುವುದಿಲ್ಲ. ಆದ್ದರಿಂದ ನಮ್ಮನ್ನು ಸೃಷ್ಟಿಸುವುದು ಅವರಿಗೆ ಅನಿವಾರ್ಯವಾಗಿರಲಿಲ್ಲ.

ಹಾಗಾದರೆ ಇಂದು ಬೇಕೆಂದು ನಾಳೆ ಬೇಡವೆಂದಾರೇ? ಇಲ್ಲ. ಮದುವೆಯ ದಿನ ವರ ವಧುವಿಗೆ ಮಾತು ಕೊಡುತ್ತಾನೆ. ಕೊಡಲೇಬೇಕೆಂದು ಯಾರೂ ಅವನನ್ನು ಕಟ್ಟಿಹಾಕಿಲ್ಲ. ಬಲವಂತವಿದ್ದರೆ ಆ ಮದುವೆಯೇ ಸಿಂಧುವಲ್ಲ. ಆದರೆ ಕೊಟ್ಟ ಮೇಲೆ ಆ ಮಾತು ಬದುಕಿನುದ್ದಕ್ಕೂ ನಿಲ್ಲುತ್ತದೆ. ಮುಕ್ತವಾಗಿ ಕೊಟ್ಟದ್ದೇ ಅತ್ಯಂತ ಗಟ್ಟಿಯಾದದ್ದು. ಮನುಷ್ಯ ಎಡವಬಹುದು, ದೇವರ ಇಚ್ಛೆ ಬದಲಾಗದು.

ಇನ್ನೊಂದು ಸೂಕ್ಷ್ಮವನ್ನೂ ಅವರು ತಿಳಿಸಿದರು. ಲೋಕಕ್ಕೆ ಆರಂಭವಿದೆ ಎಂಬುದನ್ನು ನಾವು ವಿಶ್ವಾಸದಿಂದ ಬಲ್ಲೆವು. ತರ್ಕದಿಂದ ಅದನ್ನು ಸಾಬೀತು ಮಾಡಲಾಗದು. ಲೋಕ ಅನಾದಿಯಾಗಿದ್ದರೂ ಅದು ದೇವರ ಕೈಯಿಂದಲೇ ಬಂದದ್ದಾಗಿರುತ್ತಿತ್ತು. ಸೃಷ್ಟಿ ಎಂದರೆ ಎಂದೋ ಒಂದು ದಿನ ಮಾಡಿ ಮುಗಿಸಿದ ಕೆಲಸವಲ್ಲ. ಬಡಗಿ ಮಾಡಿದ ಕುರ್ಚಿ ಬಡಗಿ ಮನೆಗೆ ಹೋದ ಮೇಲೂ ಉಳಿಯುತ್ತದೆ. ಹಾಡು ಹಾಗಲ್ಲ, ಹಾಡುವವರು ನಿಲ್ಲಿಸಿದರೆ ಹಾಡೂ ನಿಂತಿತು. ನಾವು ದೇವರ ಕುರ್ಚಿಯಲ್ಲ, ಅವರ ಹಾಡು. ನೀವು ಈ ಸಾಲನ್ನು ಓದುತ್ತಿರುವ ಈ ಗಳಿಗೆಯಲ್ಲೂ ಅವರು ನಿಮ್ಮನ್ನು ಇರಲಿ ಎನ್ನುತ್ತಿದ್ದಾರೆ.

ಲಿಸ್ಬನ್ನಿನ ಸಕಲ ಸಂತರ ಹಬ್ಬ

ಮುಂದಿನ ಶತಮಾನಗಳಲ್ಲಿ ಹಳೆಯ ವಾದ ಹೊಸ ಬಟ್ಟೆ ತೊಟ್ಟು ಬಂತು. 1677ರಲ್ಲಿ ಪ್ರಕಟವಾದ ಸ್ಪಿನೋಜರ ಗ್ರಂಥ ಎಲ್ಲವೂ ಈಗಿರುವ ರೀತಿಯಲ್ಲದೆ ಬೇರೆ ರೀತಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ ಎಂದಿತು. ಅದಕ್ಕೆ ಒಪ್ಪದ ಲೈಬ್ನಿಜ್ 1710ರಲ್ಲಿ, ದೇವರು ಸಾಧ್ಯವಿದ್ದ ಲೋಕಗಳಲ್ಲೆಲ್ಲ ಅತ್ಯುತ್ತಮವಾದದ್ದನ್ನು ಆರಿಸಿದ್ದಾರೆ ಎಂದು ಬರೆದರು.

1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ. ಪೋರ್ಚುಗಲ್ಲಿನ ಲಿಸ್ಬನ್ ನಗರದ ಜನ ದೇವಾಲಯಗಳಲ್ಲಿ ತುಂಬಿದ್ದಾಗ ಭೂಮಿ ನಡುಗಿತು. ಗೋಡೆಗಳು ಭಕ್ತರ ಮೇಲೆಯೇ ಕುಸಿದವು. ಆಮೇಲೆ ಸಮುದ್ರ ಉಕ್ಕಿ ಬಂತು, ಹಬ್ಬಕ್ಕೆ ಹಚ್ಚಿದ್ದ ದೀಪಗಳಿಂದಲೂ ಬೆಂಕಿ ಹರಡಿತು. ಸಾವಿರ ಸಾವಿರ ಜನ ಸತ್ತರು. ಇದೇ ಅತ್ಯುತ್ತಮ ಲೋಕವೇ ಎಂದು ವಾಲ್ಟೇರ್ 1759ರ ತಮ್ಮ ಕಥೆಯಲ್ಲಿ ಗೇಲಿ ಮಾಡಿದರು.

ಈ ಗೇಲಿಯಲ್ಲಿ ನಾವು ಕೇಳಿಸಿಕೊಳ್ಳಬೇಕಾದ ಮಾತಿದೆ. ಮಗು ಕಳೆದುಕೊಂಡ ಮನೆಗೆ ಹೋಗಿ, ಇದು ಹೀಗೆಯೇ ಆಗಬೇಕಿತ್ತು ಎನ್ನುವವರಿದ್ದಾರೆ. ಸಾವಿನ ಮನೆಯಲ್ಲಿ ಈ ಮಾತಿಗಿಂತ ಕ್ರೂರವಾದದ್ದು ಇನ್ನೊಂದಿಲ್ಲ. ಅದು ಕ್ರೈಸ್ತ ವಿಶ್ವಾಸದ ಮಾತೂ ಅಲ್ಲ. ಸಿಲೋಮ್ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ ಅವರು ಉಳಿದವರಿಗಿಂತ ಪಾಪಿಷ್ಠರಾಗಿರಲಿಲ್ಲ ಎಂದು ಪ್ರಭು ಯೇಸು ಹೇಳಿದರು, ಲೆಕ್ಕ ಒಪ್ಪಿಸಲಿಲ್ಲ. ಲಾಜರನ ಸಮಾಧಿಯ ಮುಂದೆ ಅವರು ವಿವರಣೆ ಕೊಡಲಿಲ್ಲ, ಅತ್ತರು. ಲೋಕ ಒಂದು ಯಂತ್ರವಾಗಿದ್ದರೆ ಅದರ ಮುಂದೆ ಅಳುವುದೂ ವ್ಯರ್ಥ, ಬೇಡುವುದೂ ವ್ಯರ್ಥ. ದೇವರು ಸ್ವತಂತ್ರರು ಎಂಬ ಬೋಧನೆ ನಮ್ಮ ನೋವಿಗೆ ಕಾರಣ ಹೇಳುವುದಿಲ್ಲ. ಆದರೆ ಯಾರ ಮುಂದೆ ಅಳಬೇಕೋ ಅವರು ಕೇಳಿಸಿಕೊಳ್ಳುವವರು ಎಂಬ ಭರವಸೆ ಕೊಡುತ್ತದೆ.

1870: ಧರ್ಮಸಭೆಯ ಸ್ಪಷ್ಟ ನುಡಿ

19ನೇ ಶತಮಾನದ ಜರ್ಮನಿಯಲ್ಲಿ ಹೆಗೆಲ್ ಅವರ ಪ್ರಭಾವ ದೊಡ್ಡದಿತ್ತು. ಲೋಕವಿಲ್ಲದೆ ದೇವರು ದೇವರಾಗಲಾರರು ಎಂಬಂತಹ ಚಿಂತನೆ ಹರಡಿತ್ತು. ಅದನ್ನು ಎದುರಿಸಲು ಹೊರಟ ಕೆಲವು ಕಥೋಲಿಕ ಪಂಡಿತರು ತಾವೇ ಅದರ ಸೆಳೆತಕ್ಕೆ ಸಿಕ್ಕರು. ವಿಯೆನ್ನಾದ ಗುರು ಆಂಟನ್ ಗುಂಥರ್ ಅವರ ಕೃತಿಗಳನ್ನು 1857ರಲ್ಲಿ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಲಾಯಿತು. ಆ ಗುರು ವಿಧೇಯರಾಗಿ ತಲೆಬಾಗಿದರು.

ಕೊನೆಗೆ ಪ್ರಥಮ ವ್ಯಾಟಿಕನ್ ಮಹಾಸಭೆ 1870ರ ಏಪ್ರಿಲ್ 24ರಂದು ಇದನ್ನು ಇತ್ಯರ್ಥಗೊಳಿಸಿತು. ಜಗದ್ಗುರು 9ನೇ ಪಿಯುಸ್ ಅವರ ಸಮ್ಮುಖದಲ್ಲಿ 667 ಪಿತೃಗಳು ಒಮ್ಮತದಿಂದ ಒಪ್ಪಿದ ಆ ಸಂವಿಧಾನದ ಸಾರ ಇದು: ದೇವರು ಲೋಕವನ್ನು ಸೃಷ್ಟಿಸಿದ್ದು ತಮ್ಮ ಆನಂದವನ್ನು ಹೆಚ್ಚಿಸಿಕೊಳ್ಳಲು ಅಲ್ಲ, ಇಲ್ಲದುದನ್ನು ಗಳಿಸಲೂ ಅಲ್ಲ, ತಮ್ಮ ಪರಿಪೂರ್ಣತೆಯನ್ನು ತಮ್ಮ ಕೊಡುಗೆಗಳ ಮೂಲಕ ತೋರಿಸಲು. ತಮ್ಮನ್ನು ತಾವು ಪ್ರೀತಿಸುವಷ್ಟೇ ಅನಿವಾರ್ಯವಾಗಿ ಅವರು ಲೋಕವನ್ನು ಸೃಷ್ಟಿಸಿದರು ಎನ್ನುವವರ ಬೋಧನೆ ಧರ್ಮಸಭೆಯ ವಿಶ್ವಾಸಕ್ಕೆ ಹೊರತಾದದ್ದು.

20ನೇ ಶತಮಾನದಲ್ಲಿ ಬೆಲ್ಜಿಯಮ್ಮಿನ ಗುರು ಜಾರ್ಜ್ ಲೆಮೈತ್ರ್ ಇನ್ನೊಂದು ಪಾಠ ಕಲಿಸಿದರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ, ಅದು ಒಂದು ಆದಿ ಕಣದಿಂದ ಆರಂಭವಾಗಿರಬಹುದು ಎಂದು 1931ರಲ್ಲಿ ಬರೆದವರು ಅವರು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಎಂದು ಇಂದು ವಿಜ್ಞಾನಿಗಳು ಹೇಳುತ್ತಾರೆ. 1951ರಲ್ಲಿ ಜಗದ್ಗುರು 12ನೇ ಪಿಯುಸ್ ಈ ಸಿದ್ಧಾಂತದಲ್ಲಿ ಸೃಷ್ಟಿಗೆ ಸಾಕ್ಷ್ಯ ಕಂಡು ಹರ್ಷಪಟ್ಟಾಗ, ಗುರು ಲೆಮೈತ್ರ್ ಅದನ್ನು ಇಷ್ಟಪಡಲಿಲ್ಲ. ವಿಜ್ಞಾನದ ಒಂದು ಸಿದ್ಧಾಂತದ ಮೇಲೆ ವಿಶ್ವಾಸದ ಮನೆ ಕಟ್ಟಬಾರದು ಎಂಬುದು ಅವರ ನಿಲುವು. ಸಂತ ಥಾಮಸರ ಮಾತೂ ಇದೇ ಅಲ್ಲವೇ? ವಿಶ್ವ ಹೇಗೆ ಆರಂಭವಾಯಿತು ಎಂದು ವಿಜ್ಞಾನ ಹುಡುಕಲಿ. ಏನೂ ಇಲ್ಲದಿರುವ ಬದಲು ಇಷ್ಟೆಲ್ಲ ಏಕೆ ಇದೆ ಎಂಬುದು ಬೇರೆ ಪ್ರಶ್ನೆ.

ಮುಯ್ಯಿಯಲ್ಲ, ಉಡುಗೊರೆ

ಪ್ರಿಯರೇ, ಈ ಚರಿತ್ರೆಯಿಂದ ನಮ್ಮ ಕುಟುಂಬಗಳಿಗೆ ಮೂರು ಪಾಠಗಳಿವೆ.

ಮೊದಲನೆಯದು ನಮ್ಮ ಭಕ್ತಿಯ ಬಗ್ಗೆ. ನಮ್ಮ ಮದುವೆಗಳಲ್ಲಿ ಮುಯ್ಯಿ ಮಾಡುವುದುಂಟು. ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ, ಅವರ ಮನೆಯ ಮದುವೆಗೆ ಅಷ್ಟನ್ನು ಹಿಂತಿರುಗಿಸಬೇಕು. ನೊವೇನಾ, ಹರಕೆ, ಮೊಂಬತ್ತಿಗಳನ್ನು ಕೆಲವೊಮ್ಮೆ ನಾವು ಇದೇ ಲೆಕ್ಕದಲ್ಲಿ ಮಾಡುತ್ತೇವೆ. ನಾನಿಷ್ಟು ಮಾಡಿದೆ, ದೇವರು ಇಷ್ಟು ಮಾಡಬೇಕು ಎನ್ನುತ್ತೇವೆ. ಬಾಬಿಲೋನಿನ ದೇವತೆಗಳಿಗೆ ಅದು ಸರಿಹೋಗುತ್ತಿತ್ತು, ಅವರಿಗೆ ಸೇವಕರು ಬೇಕಿದ್ದರು. ನಮ್ಮ ದೇವರಿಗೆ ನಮ್ಮಿಂದ ಆಗಬೇಕಾದ್ದು ಏನೂ ಇಲ್ಲ. ಬಲಿಪೂಜೆಯ ಒಂದು ಪೀಠಿಕಾ ಪ್ರಾರ್ಥನೆಯಲ್ಲಿ ಗುರುಗಳು ನಮ್ಮೆಲ್ಲರ ಪರವಾಗಿ ಇದನ್ನೇ ಒಪ್ಪಿಕೊಳ್ಳುತ್ತಾರೆ: ನಮ್ಮ ಸ್ತುತಿಯಿಂದ ದೇವರಿಗೆ ಏನೂ ಹೆಚ್ಚುವುದಿಲ್ಲ, ವಂದಿಸಬೇಕೆಂಬ ಬಯಕೆಯೂ ಅವರದೇ ವರ. ಹರಕೆ ಬೇಡವೆಂದಲ್ಲ. ಅದು ವ್ಯಾಪಾರವಾಗದೆ ವಂದನೆಯಾಗಲಿ. ಪರಮಪ್ರಸಾದದ ಸಂಸ್ಕಾರಕ್ಕೆ ಗ್ರೀಕ್ ಭಾಷೆಯಲ್ಲಿರುವ ಯೂಕರಿಸ್ತಿಯ ಎಂಬ ಹೆಸರಿನ ಅರ್ಥವೇ ಕೃತಜ್ಞತೆ.

ಎರಡನೆಯದು ನಮ್ಮ ಮನೆಯವರ ಬಗ್ಗೆ. ಮೂರನೆಯದೂ ಹೆಣ್ಣಾಯಿತು ಎಂದು ಮುಖ ಬಾಡಿಸುವ ಮನೆಗಳು ಇನ್ನೂ ಇವೆ. ಅಂಗವೈಕಲ್ಯವಿರುವ ಮಗು ಭಾರವೆನಿಸುವುದುಂಟು. ದುಡಿಯಲಾಗದ ಅಜ್ಜಿ ತಾತ, ನಾವು ಯಾರಿಗೆ ಬೇಕು ಎಂದು ಮೂಲೆಯಲ್ಲಿ ನಿಟ್ಟುಸಿರಿಡುವುದುಂಟು. ಪರೀಕ್ಷೆಯಲ್ಲಿ ಸೋತ ಹುಡುಗ ತಾನು ಇದ್ದೇನು ಪ್ರಯೋಜನ ಎಂದು ಕೊರಗುವುದುಂಟು. ಇವರೆಲ್ಲರಿಗೂ ಧರ್ಮಸಭೆಯ ಉತ್ತರ ಒಂದೇ: ದೇವರು ಯಾರನ್ನೂ ಪ್ರಯೋಜನಕ್ಕಾಗಿ ಸೃಷ್ಟಿಸಲಿಲ್ಲ. ಅಗತ್ಯಕ್ಕೆ ತಂದ ವಸ್ತು ಅಗತ್ಯ ಮುಗಿದ ಮೇಲೆ ಮೂಲೆ ಸೇರುತ್ತದೆ. ಪ್ರೀತಿಗಾಗಿ ಬಂದವರಿಗೆ ಅವಧಿ ಮುಗಿಯುವುದಿಲ್ಲ. ನೀನು ಇರಲೇಬೇಕಾಗಿರಲಿಲ್ಲ, ಆದರೂ ದೇವರು ನಿನ್ನನ್ನು ಬಯಸಿದರು. ಇದಕ್ಕಿಂತ ದೊಡ್ಡ ಗೌರವ ಮನುಷ್ಯನಿಗೆ ಬೇರೊಂದಿಲ್ಲ. ಈ ಮಾತನ್ನು ನಮ್ಮ ಮಕ್ಕಳು ಪುಸ್ತಕದಲ್ಲಿ ಓದುವ ಮೊದಲು ತಂದೆತಾಯಿಯರ ಬಾಯಿಂದ ಕೇಳಬೇಕು.

ಮೂರನೆಯದು ಈ ಭೂಮಿಯ ಬಗ್ಗೆ. 2015ರಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸ್ ಲಾವ್ದಾತೊ ಸೀ ವಿಶ್ವಪತ್ರದಲ್ಲಿ ಸೃಷ್ಟಿ ದೇವರ ಮುಕ್ತ ತೀರ್ಮಾನದಿಂದ, ಅವರ ಪ್ರೀತಿಯಿಂದ ಬಂದ ಕೊಡುಗೆ ಎಂದು ನೆನಪಿಸಿದರು. ಹಕ್ಕಿನಿಂದ ಪಡೆದದ್ದನ್ನು ಬೇಕಾದಂತೆ ಬಳಸಬಹುದೇನೋ, ಉಡುಗೊರೆಯಾಗಿ ಬಂದದ್ದನ್ನು ಕೊಟ್ಟವರ ಮುಖ ನೋಡಿ ಬಳಸಬೇಕು. ನಮ್ಮ ಬಾವಿಯ ನೀರು, ಕೆರೆಯಂಗಳ, ಹೊಲದ ಮಣ್ಣು ಇವೆಲ್ಲ ಇಲ್ಲದೆಯೂ ಇರಬಹುದಿತ್ತು. ನಾವು ಹಾಳುಮಾಡಿದರೆ ನಾಳೆ ಇಲ್ಲವಾಗಲೂಬಹುದು.

ಹಾಗಾದರೆ ದೇವರಿಗೆ ಈ ಲೋಕ ಬೇಕಿತ್ತೇ? ಅಗತ್ಯವಿರಲಿಲ್ಲ, ಆದರೆ ಅವರು ಬಯಸಿದರು. ಕನ್ನಡದಲ್ಲಿ ಬೇಕು ಎಂಬ ಒಂದೇ ಪದ ಅಗತ್ಯವನ್ನೂ ಹೇಳುತ್ತದೆ, ಬಯಕೆಯನ್ನೂ ಹೇಳುತ್ತದೆ. ಮೊದಲ ಅರ್ಥದಲ್ಲಿ ನಾವು ದೇವರಿಗೆ ಬೇಕಾಗಿರಲಿಲ್ಲ. ಎರಡನೆಯ ಅರ್ಥದಲ್ಲಿ ತಮ್ಮ ಏಕೈಕ ಪುತ್ರನನ್ನೇ ಕೊಡುವಷ್ಟು ನಾವು ಅವರಿಗೆ ಬೇಕಾಗಿದ್ದೇವೆ. ಈ ಪ್ರೀತಿ ಲೋಕದೊಂದಿಗೆ ಹುಟ್ಟಿದ್ದಲ್ಲ. ಲೋಕಕ್ಕಿಂತ ಮೊದಲೇ ಪಿತ, ಸುತ, ಪವಿತ್ರಾತ್ಮರಲ್ಲಿ ಪೂರ್ಣವಾಗಿದ್ದ ಪ್ರೀತಿ ನಮಗೂ ಬಾಗಿಲು ತೆರೆಯಿತು.

ತ್ರಿತ್ವದ ಹಬ್ಬದಂದು ಶಿಲುಬೆಯ ಗುರುತನ್ನು ಅವಸರದಿಂದ ಹಾಕಿ ಮುಗಿಸದೆ, ನಿಧಾನವಾಗಿ, ವಂದನೆಯ ಮನಸ್ಸಿನಿಂದ ಹಾಕಿಕೊಳ್ಳೋಣ. ನಿಮ್ಮೆಲ್ಲರ ಮನೆಗಳ ಮೇಲೆ ತ್ರಿಯೇಕ ದೇವರ ಆಶೀರ್ವಾದವಿರಲಿ. ಆಮೆನ್.